ಟಾಕೀಸಿನ ಮೆಟ್ಟಿಲ ಮೇಲಿನವನು

ನಮ್ಮೂರಿನಲ್ಲಿ ಹೆಣ ಎತ್ತಬೇಕಾದರೆ ಮೊದಲು ಮಾತು ಹಾಕಬೇಕಾಗಿತ್ತು. ಸತ್ತವರ ಬಗ್ಗೆ ಯಾರಾದರೂ ಒಂದು ಖರೆ ಮಾತು ಹೇಳಿದರೆ ಹೆಣ ಒಂದಿಷ್ಟು ಹಗುರಾಗುತ್ತಿತ್ತು, ಇನ್ನೊಂದು ಹೇಳಿದರೆ ಇನ್ನಷ್ಟು. ಯಾರೂ ಏನೂ ಹೇಳದಿದ್ದರೆ ಎಂಟು ಎತ್ತು ಕಟ್ಟಿ ಎಳೆದರೂ ಕಿರುಬೆರಳು ಅಲುಗುತ್ತಿರಲಿಲ್ಲ. ಈಗ ಗಾಲಿಯ ಗಾಡಿ ಬಂದಿದೆ. ಗುಂಡಿ ಒತ್ತಿದರೆ ಎಂಥ ಹೆಣವನ್ನೂ ಎತ್ತಿ ಹೊಟ್ಟೆಯೊಳಗೆ ಹಾಕಿಕೊಳ್ಳುತ್ತದೆ, ಯಾರೂ ಬಾಯಿ ಬಿಡಬೇಕಾಗಿಲ್ಲ. ಮೊನ್ನೆ ನಮ್ಮ ಓಣಿಯ ತುದಿಮನೆಯ ಮುಂದೆ ಅದು ಬಂದು ನಿಂತಾಗ ಮನೆಯವರೆಲ್ಲ ಫೋನು ನೋಡುತ್ತ ನಿಂತಿದ್ದರು. ಸತ್ತಾಕೆ ಎಂಬತ್ತು ವರ್ಷ ಬದುಕಿದವಳು. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ನಾನು ಎಡಹೆಗಲನ್ನು ಮುಟ್ಟಿ ನೋಡಿಕೊಂಡೆ. ಅಲ್ಲಿ ಇನ್ನೂ ಒಂದು ಗಟ್ಟಿ ಗಂಟು ಇದೆ.

ಹೊರುವವರು ನಾವು, ಕೆಳಗೇರಿಯ ಹನ್ನೊಂದು ಮನೆಯವರು. ಬದುಕಿದ್ದಾಗ ನಮ್ಮ ನೆರಳು ತಾಕಿದರೆ ಸ್ನಾನ ಮಾಡುತ್ತಿದ್ದವರು ಸತ್ತ ಮೇಲೆ ನಮ್ಮ ಹೆಗಲ ಮೇಲೆ ನೆಮ್ಮದಿಯಾಗಿ ಮಲಗಿ ಹೋಗುತ್ತಿದ್ದರು. ಅದಕ್ಕೇ ಊರಿನಲ್ಲಿ ಯಾರ ತೂಕ ಎಷ್ಟು ಎನ್ನುವುದು ನಮಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ನಮ್ಮಪ್ಪ ಬಾಳಪ್ಪ ಹೊರುವವರ ಹಿರಿಯ. ಹೆಣದ ಹಿಮ್ಮಡಿಯನ್ನು ಬಲಗೈಯ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, "ಹೂಂ, ಹಾಕ್ರಿ" ಅನ್ನುತ್ತಿದ್ದ. ಮಾತು ನಿಜವಾಗಿದ್ದರೆ ಹಿಮ್ಮಡಿ ಹಗುರಾದದ್ದು ಅವನ ಅಂಗೈಗೆ ತಿಳಿಯುತ್ತಿತ್ತು. ಸುಳ್ಳಾದರೆ ಕಣ್ಣು ತೆರೆಯದೆ ತಲೆ ಅಲ್ಲಾಡಿಸುತ್ತಿದ್ದ. ಆ ತಲೆ ಅಲ್ಲಾಡುವುದಕ್ಕೆ ಎಂಥೆಂಥ ದೊಡ್ಡವರೂ ಬೆವರುತ್ತಿದ್ದರು.

ದೊಡ್ಡಮನೆಯ ದೇಸಾಯರು ಸತ್ತಾಗ ಮೂರು ಊರಿನ ಪಂಡಿತರು ಬಂದು ಧರ್ಮಪ್ರಭು, ದೀನಬಂಧು, ಕಲಿಯುಗದ ಕರ್ಣ ಎಂದು ಒಂದು ತಾಸು ಮಾತು ಹಾಕಿದರು. ಅಪ್ಪನ ತಲೆ ಅಲ್ಲಾಡುತ್ತಲೇ ಇತ್ತು. ಕೊನೆಗೆ ಮುಸುರೆ ತಿಕ್ಕುವ ನೀಲವ್ವ ಬಾಗಿಲ ಸಂದಿಯಿಂದ, "ಧಣ್ಯಾರು ಹಲ್ಲಿಗೆ ಬಾಳ ಹೆದರತಿದ್ರು. ಹಲ್ಲಿ ಕಂಡ್ರ ಮಂಚದ ಮ್ಯಾಲೆ ನಿಂತು, ನೀಲೀ ಬಾರ ಅಂತ ಕೂಗತಿದ್ರು" ಅಂದಳು. ಹೆಣ ಎದ್ದಿತು. ದೇಸಾಯರ ಮಕ್ಕಳು ನೀಲವ್ವನ ಮೇಲೆ ಸಿಟ್ಟು ಮಾಡಬೇಕೋ ಕೈ ಮುಗಿಯಬೇಕೋ ತಿಳಿಯದೆ ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಈ ಕಾರಣಕ್ಕೆ ನಮ್ಮೂರ ಮಂದಿ ಒಬ್ಬರನ್ನೊಬ್ಬರು ಬಹಳ ನೋಡುತ್ತಿದ್ದರು. ಗಂಡು ನೋಡಲು ಬಂದವರು ಹೊಲಮನೆ ಕೇಳುವ ಮೊದಲು, "ನಿಮ್ಮ ಅಜ್ಜನ ಹೆಣಕ್ಕ ಎಷ್ಟು ಮಂದಿ ಬೇಕಾದ್ರು?" ಎಂದು ಕೇಳುತ್ತಿದ್ದರು. ಅತ್ತೆಗೆ ಸೊಸೆ ಕೊಡುತ್ತಿದ್ದ ದೊಡ್ಡ ಬೆದರಿಕೆ, "ನಿನಗ ಒಂದ ಮಾತೂ ಹಾಕಂಗಿಲ್ಲ ನೋಡು" ಅನ್ನುವುದು. ವಯಸ್ಸಾದವರು ಕ್ಷೌರದಂಗಡಿಯಲ್ಲಿ ಕೂತು, ತಾವು ಬೆಲ್ಲ ಕದ್ದದ್ದು, ಹೆಂಡತಿಗೆ ಹೇಳದೆ ಅತ್ತದ್ದು, ಎಲ್ಲವನ್ನೂ ಸಿಕ್ಕವರಿಗೆ ಹೇಳಿ, "ನೆಪ್ಪಿಟ್ಕೋಪಾ, ಬೇಕಾಗ್ತೈತಿ" ಎನ್ನುತ್ತಿದ್ದರು. ಆ ದಿನಗಳು ಒಳ್ಳೆಯವಾಗಿದ್ದವು ಎಂದು ನಾನು ಹೇಳಲಾರೆ. ನಮ್ಮ ಓಣಿಗೆ ಅವು ಒಳ್ಳೆಯ ದಿನಗಳಾಗಿರಲಿಲ್ಲ. ಆದರೂ ಆ ಮಾತುಗಳ ಸದ್ದು ಈಗಿಲ್ಲವಲ್ಲ ಎಂದು ಜೀವ ಹಳಹಳಿಸುತ್ತದೆ.

ಎತ್ತಲಾಗದ ಹೆಣಕ್ಕೆ ಮೂರು ದಿನದ ಗಡುವು. ಮೂರನೆಯ ದಿನ ಹೊತ್ತು ಮುಳುಗುವ ಮುಂಚೆ ಯಾರೂ ಮಾತು ಹಾಕದಿದ್ದರೆ ಬಿದ್ದಲ್ಲಿಯೇ ಸುಣ್ಣ ಸುರಿದು ಕಲ್ಲು ಒಟ್ಟಿಬಿಡುವುದು. ಮಣ್ಣಿಲ್ಲ, ನೀರಿಲ್ಲ, ಆಮೇಲೆ ಆ ಜಾಗದಲ್ಲಿ ನಾಯಿ ಕೂಡ ಮಲಗುವುದಿಲ್ಲ. ಊರಿನಲ್ಲಿ ಅಂಥ ಗುಡ್ಡೆ ಒಂದೇ ಒಂದಿತ್ತು, ಹಳೆ ಅಂಚೆಕಚೇರಿಯ ಹಿಂದೆ. ಅದು ನನ್ನ ಅಜ್ಜನ ಕಾಲದ್ದು. ಅಜ್ಜ ಸಾಯುವವರೆಗೂ ಆ ದಾರಿ ತುಳಿಯಲಿಲ್ಲ. "ನನ್ನ ಕೈಯಾಗ ಇನ್ನೊಂದು ಆಗಬಾರದು" ಎಂದು ಅಪ್ಪ ಆಗಾಗ ಹೇಳುತ್ತಿದ್ದ. ಬೇರೆ ಯಾವುದಕ್ಕೂ ಅವನು ಹೆದರಿದ್ದನ್ನು ನಾನು ಕಂಡಿಲ್ಲ.

ನನಗೆ ಹದಿನೆಂಟು ತುಂಬಿದ ವರ್ಷ, ಬೇಸಗೆಯ ಒಂದು ಸೋಮವಾರ ಬೆಳಗ್ಗೆ, ಪೇಟೆಬೀದಿಯ ತಲೆಗಿರುವ ಟಾಕೀಸಿನ ಮೆಟ್ಟಿಲ ಮೇಲೆ ಒಬ್ಬ ಸತ್ತು ಮಲಗಿದ್ದ. ಟಾಕೀಸು ಮುಚ್ಚಿ ಹತ್ತು ವರ್ಷವಾಗಿತ್ತು, ಆ ಕಡೆ ಯಾರಿಗೂ ಕೆಲಸವಿರಲಿಲ್ಲ. ಐವತ್ತರ ಆಸುಪಾಸಿನ ಮನುಷ್ಯ. ತೋಳಿಲ್ಲದ ಬನಿಯನ್ನು, ಮೊಣಕಾಲುದ್ದದ ಚಡ್ಡಿ. ಮೈಮೇಲೆ ಗಾಯವಿಲ್ಲ, ಹಚ್ಚೆಯಿಲ್ಲ, ಕೊರಳಲ್ಲಿ ದಾರವಿಲ್ಲ. ಅಪ್ಪ ಅವನ ಬನಿಯನ್ನು ಸರಿಸಿ ಬಲಹೆಗಲು ನೋಡಿದ. ಅಲ್ಲೊಂದು ಗಂಟಿತ್ತು, ನಮ್ಮವರ ಹೆಗಲಿನಲ್ಲಿರುವಂಥದೇ. "ಇಂವನೂ ಏನೋ ಹೊತ್ತಾನ" ಅಂದ. ಹಿಮ್ಮಡಿ ಅಲುಗಲಿಲ್ಲ. ಸತ್ತ ಮೇಲೆ ಮೈ ನೋಡಿ ಹೇಳಿದ್ದು ನಡೆಯುವುದಿಲ್ಲ, ಬದುಕಿದ್ದಾಗ ಕಂಡದ್ದೇ ಆಗಬೇಕು.

ಮುನಸಿಪಾಲ್ಟಿಯ ಗುಮಾಸ್ತ ರಂಗರಾವ್ ಕೊಡೆ ಹಿಡಿದು ಬಂದು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಉದ್ದ, ಬಣ್ಣ, ಹಲ್ಲು ಎಲ್ಲ ಬರೆದುಕೊಂಡ. "ನಮ್ಮೂರಾಂವ ಅಲ್ಲ" ಎಂದು ಕೆಳಗೆ ಗೆರೆ ಎಳೆದ. ಅದಕ್ಕೆ ಯಾರೂ ಎದುರಾಡಲಿಲ್ಲ. ಹಲ್ಲಿಗೆ ಹೆದರಿದ್ದನ್ನು ಕೂಡ ನೆನಪಿಟ್ಟುಕೊಳ್ಳುವ ಊರು ನಮ್ಮದು. ಊರಿನವನಾಗಿದ್ದರೆ ಒಂದಾದರೂ ಮಾತು ಇರಲೇಬೇಕಿತ್ತು. ಮಾತಿಲ್ಲ ಅಂದಮೇಲೆ ಹೊರಗಿನವನೇ. ಹಾಗೆಂದು ನಾವೂ ನಂಬಿದೆವು. ಬೇರೆಯವರನ್ನು ಬೈಯುವ ಮೊದಲು ಇದನ್ನು ನಾನು ಒಪ್ಪಿಕೊಳ್ಳಬೇಕು.

ಹುಡುಕಾಟ ಹೊರಮುಖವಾಗಿ ನಡೆಯಿತು. ನಮ್ಮ ಗಾಳೆಪ್ಪ ಕಾಕಾ ಹಲಗೆ ಕೊರಳಿಗೆ ಹಾಕಿಕೊಂಡು ಬಾರಿಸುತ್ತ ಸುತ್ತಲಿನ ಏಳು ಹಳ್ಳಿಗೆ ಸಾರಿದ. ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಳಿದವರನ್ನೆಲ್ಲ ಕೇಳಿದೆ. ಕಂಡಕ್ಟರುಗಳು ಬಂದು ಮುಖ ನೋಡಿ ಹೋದರು. ಎರಡನೆಯ ದಿನ ಮಧ್ಯಾಹ್ನ ಹೊಳೆಯಾಚೆಯಿಂದ ತಿಪ್ಪವ್ವ ಎಂಬಾಕೆ ಬಂದಳು. ಗಂಡ ಮನೆ ಬಿಟ್ಟು ಹೋಗಿ ಹದಿನಾಲ್ಕು ವರ್ಷವಾಗಿತ್ತು. ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಇರಬಹುದು, ಇಲ್ಲದೆಯೂ ಇರಬಹುದು. ಆಗ ಕೂದಲ ಇತ್ತು" ಅಂದಳು. ಮೆಟ್ಟಿಲ ಮೇಲೆ ಕೂತು ಮಾತು ಹಾಕಿದಳು. "ನಿದ್ದ್ಯಾಗ ನಗತಿದ್ದ." ಅಪ್ಪ ತಲೆ ಅಲ್ಲಾಡಿಸಿದ. "ಉಳ್ಳಾಗಡ್ಡಿ ಹೆಚ್ಚಿ ಕೊಡತಿದ್ದ, ನನಗ ಕಣ್ಣೀರು ಬರಬಾರದು ಅಂತ." ತಲೆ ಅಲ್ಲಾಡಿತು. ಆಕೆ ಮತ್ತೆ, "ಒಮ್ಮೆ ನನ್ನ ಹೊಡದಿದ್ದ. ಆಮ್ಯಾಲೆ ತನ್ನ ಕೈ ತಾನ ಗ್ವಾಡಿಗೆ ಹೊಡಕೊಂಡಿದ್ದ" ಅಂದಳು. ಅಪ್ಪ ಕಣ್ಣು ತೆರೆದು, "ಇಂವ ನಿನ್ನಾಂವ ಅಲ್ಲ ತಂಗಿ" ಅಂದ. ತಿಪ್ಪವ್ವ ಅತ್ತಳು, ಅಳುತ್ತಲೇ ನಕ್ಕಳು. "ಹಂಗಾರ ಎಲ್ಲ್ಯೋ ಅದಾನ!" ಆದರೂ ಎದ್ದು ಹೋಗಲಿಲ್ಲ. ಸಂಜೆಯ ಬಸ್ಸಿನವರೆಗೂ ಸೆರಗಿನಿಂದ ಅವನ ಮುಖದ ನೊಣ ಓಡಿಸುತ್ತ ಕೂತಳು. "ನನ್ನಾಂವ ಅಲ್ಲಂದ್ರೇನು, ಯಾವಾಕಿ ಗಂಡನೋ ಆಗಿರ್ತಾನಲ್ಲ" ಅಂದಳು.

ಮೂರನೆಯ ದಿನ ಹೊತ್ತು ನೆತ್ತಿಗೇರಿದಾಗ ಗಾಳೆಪ್ಪ ಕಾಕಾ ಕೊನೆಯ ಹಳ್ಳಿ ಸಾರಿ ಬಂದ. ಗಂಟಲು ಒಣಗಿ ಮಾತೇ ಹೊರಡುತ್ತಿರಲಿಲ್ಲ. ಪೇಟೆಬೀದಿಯಲ್ಲಿ ಮೂವತ್ತೆರಡು ಅಂಗಡಿ, ಪ್ರತಿ ಅಂಗಡಿಯ ಮುಂದೆ ಗಿರಾಕಿಗಳಿಗೆಂದು ನೀರಿನ ಮಡಕೆ, ಅದರ ಮೇಲೆ ಹಿತ್ತಾಳೆ ಲೋಟ. ನಮಗೆ ಲೋಟವಿಲ್ಲ. ಬೊಗಸೆ ಒಡ್ಡಿದರೆ ಅಂಗಡಿಯವರು ಮೇಲಿನಿಂದ ಹುಯ್ಯುತ್ತಿದ್ದರು. ಅಪ್ಪ ಹಾಗೆ ಕುಡಿಯುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು, ನನಗೂ ಕುಡಿಯಗೊಡುತ್ತಿರಲಿಲ್ಲ. ಗಾಳೆಪ್ಪ ಕಾಕಾ ಮಾತ್ರ, "ನೀರಿನ ಮ್ಯಾಲೆ ಯಾಕ ಸಿಟ್ಟು?" ಎಂದು ಕುಡಿಯುತ್ತಿದ್ದ. ಅವತ್ತು ಎಣ್ಣೆ ಅಂಗಡಿಯ ಕೊಟ್ರಪ್ಪನ ಮುಂದೆ ಬೊಗಸೆ ಒಡ್ಡಿದ. ಕೊಟ್ರಪ್ಪ ಮುಚ್ಚಳ ತೆಗೆದ. ಮಡಕೆ ಒಣಗಿತ್ತು.

"ಲೇ ಈರಣ್ಣಾ, ನೀರು ಯಾಕ ತುಂಬಿಸಿಲ್ಲೋ?" ಎಂದು ಕೊಟ್ರಪ್ಪ ಪಕ್ಕದ ಬೆಲ್ಲದಂಗಡಿಗೆ ಕೂಗಿದ. "ನಾನ್ಯಾಕ ತುಂಬಸ್ಲಿ? ನೀನ ತುಂಬಸತಿದ್ದೆಲ್ಲ, ನಂದೂ ಕೂಡೇ." "ನಾನಾ? ಒಂಬತ್ತು ವರ್ಷ ಆತು, ನಾ ನಿಂದು ಅಂತ ತಿಳಕೊಂಡೀನಿ." "ಶರಭಣ್ಣ ಸಾಹುಕಾರ ಆಳು ಇಟ್ಟಾರಂತ." ಬಟ್ಟೆ ಅಂಗಡಿಯ ಶರಭಣ್ಣ ಸಾಹುಕಾರ ಗಾದಿಯಿಂದಲೇ, "ನಾ ಯಾವ ಆಳೂ ಇಟ್ಟಿಲ್ಲ, ಮುನಸಿಪಾಲ್ಟಿಯವರು ತುಂಬಸ್ತಾರ" ಎಂದ. ನೆರಳಿಗೆ ನಿಂತಿದ್ದ ಗುಮಾಸ್ತ ರಂಗರಾವ್, "ನಮ್ಮಲ್ಲಿ ಅಂಥ ಹುದ್ದೆ ಇಲ್ರಿ" ಅಂದ. ಮುಚ್ಚಳಗಳು ಒಂದೊಂದಾಗಿ ತೆರೆದವು. ಮೂವತ್ತೆರಡೂ ಬರಿದು. ಸೋಮವಾರ ತಳದ ನೀರಿನಲ್ಲಿ ಹೊತ್ತು ಹೋಗಿತ್ತು. ಮಂಗಳವಾರ, ಇವತ್ತು ತಡವಾಗಿರಬೇಕು ಎಂದು ಮನೆಯಿಂದ ತರಿಸಿಕೊಂಡಿದ್ದರು. ಹೊತ್ತು ಮೂಡುವ ಮೊದಲೇ ತುಂಬಿರುತ್ತಿದ್ದ ಮಡಕೆಯನ್ನು ತುಂಬುವವರು ಯಾರು ಎಂದು ಒಂಬತ್ತು ವರ್ಷದಲ್ಲಿ ಒಬ್ಬನೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಮುಟ್ಟಬಾರದ ಮಡಕೆಯ ಗೊಡವೆ ನಮಗೇಕೆ ಎಂದಿದ್ದೆವು.

ಇಡೀ ಬೀದಿ ತಲೆಯೆತ್ತಿ ಟಾಕೀಸಿನ ಮೆಟ್ಟಿಲ ಕಡೆ ನೋಡಿತು. ನಾನು ಓಡಿ ಹೋಗಿ ಟಿಕೀಟು ಕೊಡುವ ಗೂಡಿನ ಬಾಗಿಲು ನೂಕಿದೆ. ಒಳಗೆ ಒಂದು ಚಾಪೆ, ಎರಡು ತಗಡಿನ ಡಬ್ಬಿ, ಹೆಗಲ ಮೇಲೆ ಇಟ್ಟು ಇಟ್ಟು ನುಣುಪಾದ ಒಂದು ಬಿದಿರ ಗಳ. ಅಪ್ಪ ಬಂದು ಮೆಟ್ಟಿಲ ಮೇಲೆ ಕೂತು, ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡ. "ಗಾಳ್ಯಾ, ನೀ ಕುಡದೀದಿ. ಹಾಕು." ಗಾಳೆಪ್ಪ ಕಾಕಾ ಹಲಗೆ ಕೆಳಗಿಟ್ಟು, "ಯಪ್ಪಾ, ನೀ ತಂದ ನೀರು ಕುಡದೀನಿ, ತಣ್ಣಗಿತ್ತು" ಅಂದ. ಅಪ್ಪನ ಮುಖದಲ್ಲಿ ಮೂರು ದಿನದ ಮೇಲೆ ಮೊದಲ ಸಲ ಗೆರೆ ಸಡಿಲವಾಯಿತು. "ಹಗುರಾದ. ಒಂದು ಹಿಡಿಯಷ್ಟ. ನೀರು ತಂದಾಂವ ಇಂವನ." ಆಮೇಲೆ ಬೀದಿಗೆ ತಿರುಗಿ ಕೂಗಿದ. "ಬರ್ರಪಾ ಬರ್ರಿ! ಇಂವ ತಂದ ನೀರು ಕುಡದೀನಿ ಅಂತ ಒಬ್ಬೊಬ್ಬರು ಒಂದೊಂದು ಮಾತು ಹಾಕ್ರಿ. ಹೊತ್ತು ಮುಳುಗೂದರಾಗ ಮಣ್ಣು ಕೊಟ್ಟು ಬರತೀವಿ."

ಯಾರೂ ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಹೊಟ್ಟೆಯೊಳಗಿದ್ದದ್ದನ್ನು ಶರಭಣ್ಣ ಸಾಹುಕಾರ ಬಾಯಿ ಬಿಟ್ಟು ಹೇಳಿದ. "ಯಾವ ಕುಲದಾಂವೋ ಏನೋ! ಕೊರಳಾಗ ಒಂದು ಗುರುತಿಲ್ಲ. ನಾವು ಮಡಿಮಂದಿ. ನಮ್ಮ ಮಡಕಿ ನಾವ ತುಂಬಸ್ತಿದ್ವಿ." ಹೌದು ಹೌದು ಎಂದಿತು ಬೀದಿ. ಒಂದು ಗಳಿಗೆಯ ಹಿಂದೆ ನಾನಲ್ಲ ನೀನು ಎಂದು ಜಗಳಾಡುತ್ತಿದ್ದ ಅಂಗಡಿಯವರು ಈಗ ತಾವೇ ಬೆಳಗಿನ ಜಾವ ಎದ್ದು ನೀರು ಹೊತ್ತವರಾದರು. ಮಾತು ಹಾಕಿದರೆ ಹೆಣ ಹಗುರಾಗುತ್ತದೆ. ಹಗುರಾದರೆ ಅವನ ಕೈಯ ನೀರು ಕುಡಿದದ್ದು ಎಲ್ಲರೆದುರು ಖರೆ ಆಗುತ್ತದೆ. ಅದಕ್ಕಿಂತ ಅವನು ಸುಣ್ಣದಲ್ಲಿ ಬೇಯಲಿ ಎಂದು ಆ ಬೀದಿ ತೀರ್ಮಾನ ಮಾಡಿತು. ಯಾರೂ ಕೂತು ಚರ್ಚೆ ಮಾಡಲಿಲ್ಲ. ಅಂಥ ತೀರ್ಮಾನಕ್ಕೆ ಚರ್ಚೆ ಬೇಕಾಗುವುದೇ ಇಲ್ಲ. ರಂಗರಾವ್ ಸುಣ್ಣದ ಚೀಲಕ್ಕೆ ಹೇಳಿಕಳಿಸಿದ. ಅಪ್ಪ ಹಿಮ್ಮಡಿ ಬಿಡದೆ ಕೂತಿದ್ದ.

ಚೀಲಗಳು ಬಂದು ಇಳಿದಾಗ ಬಟ್ಟೆ ಅಂಗಡಿಯ ಮಹಡಿಯಿಂದ ಸಾಹುಕಾರನ ಅಕ್ಕ ಬಸಲಿಂಗಮ್ಮ ಇಳಿದು ಬಂದಳು. ಹದಿನೇಳಕ್ಕೆ ಗಂಡ ಸತ್ತು ತವರಿಗೆ ಬಂದವಳು, ಆಗ ಅರವತ್ತು ದಾಟಿದ್ದಳು. ಆಕೆ ಬೀದಿಗಿಳಿದದ್ದನ್ನು ನಾನೆಂದೂ ನೋಡಿರಲಿಲ್ಲ. ಎಲ್ಲರೂ ಆಕೆಯನ್ನು ಮಹಡಿಯ ಕಿಟಕಿಯ ಕಂಬಿಯ ಹಿಂದೆ ಕಂಡವರೇ. ಬರಿಗಾಲಲ್ಲಿ ಬಿಸಿಲಿನಲ್ಲಿ ನಡೆದು ಬಂದು, "ಬಾಳಪ್ಪಾ, ನಾ ಹಾಕತೀನಿ" ಅಂದಳು. "ಅಕ್ಕಾ! ಒಳಗ ನಡಿ!" ಎಂದು ಶರಭಣ್ಣ ಓಡಿ ಬಂದ. "ಒಳಗ ಇದ್ದು ನಲವತ್ತೈದು ವರ್ಷ ಆತು ತಮ್ಮಾ" ಎಂದು ಅವನ ಮುಖ ನೋಡದೆ ಆಕೆ ಮೆಟ್ಟಿಲ ಮೇಲೆ ಕೂತಳು. "ನಸುಕಿನಾಗ ನನಗ ನಿದ್ದಿ ಇರಂಗಿಲ್ಲ. ಕಿಟಕ್ಯಾಗ ಕೂತು ನೋಡತಿದ್ದೆ. ಪ್ರತಿ ಮಡಕಿಗೂ ಮೊದಲ ಕೈ ಹಾಕಿ ಪಾಚಿ ತೊಳಿತಿದ್ದ. ನಮ್ಮ ಮಡಕಿ ತೂತು ಬಿದ್ದಾಗ ಮೇಣ ಹಚ್ಚಿದ. ಒಂದು ಚಳಿಗಾಲದಾಗ ನಾ ಮ್ಯಾಲಿಂದ ಕಂಬಳಿ ಒಗದೆ. ತಲಿಯೆತ್ತಿ, ಯವ್ವಾ ನಿನಗ ಬ್ಯಾಡೇನು ಅಂದ. ನನಗ ಏನು ಬೇಕು ಏನು ಬ್ಯಾಡ ಅಂತ ಈ ಊರಾಗ ಕೇಳಿದಾಂವ ಅಂವ ಒಬ್ಬನ. ಹೆಸರು ಕೇಳೋ ಧೈರ್ಯ ನನಗಾಗಲಿಲ್ಲ ನೋಡು."

ಅಪ್ಪನ ಅಂಗೈ ನಿಧಾನಕ್ಕೆ ಮೇಲೆದ್ದಿತು. ಹಿಮ್ಮಡಿಯೂ ಅದರ ಜೊತೆಗೆ ಎದ್ದಿತು.

"ಏಳ್ತಾನ. ಬಾಳ ಭಾರ ಅದಾನ, ಆದ್ರ ಏಳ್ತಾನ" ಎಂದು ಅಪ್ಪ ಚಟ್ಟ ತರಿಸಿದ. ಅಪ್ಪ, ಗಾಳೆಪ್ಪ ಕಾಕಾ, ನಮ್ಮ ಓಣಿಯ ಯಮನಪ್ಪಣ್ಣ ಮೂವರಾದರು. ನಾಲ್ಕನೆಯವನು ಮೊಣಕಾಲು ಬಾತು ಮಲಗಿದ್ದ, ಓಣಿಯ ಉಳಿದ ಗಂಡಸರು ಕುಣಿ ತೋಡಲು ಹೋಗಿದ್ದರು. ನಾನು ಸೆರಗು ಕಟ್ಟಿ ಹೋಗಿ ನಿಂತೆ. "ಹೆಣ್ಣು ಹೊರಂಗಿಲ್ಲ, ನಿಯಮ ಇಲ್ಲ" ಎಂದ ರಂಗರಾವ್. "ಹಂಗಾರ ಬರ್ರಿ ರಾಯರ, ಒಂದು ಹೆಗಲು ಖಾಲಿ ಐತಿ" ಎಂದ ಅಪ್ಪ. ರಂಗರಾವ್ ಕೊಡೆ ಬಿಚ್ಚಿಕೊಂಡು ಹಿಂದೆ ಸರಿದ.

ಎತ್ತಿದಾಗ ನನ್ನ ಕಣ್ಣಿಗೆ ಕತ್ತಲು ಬಂತು. ಬೆಟ್ಟದ ಚೂರೊಂದನ್ನು ಹೆಗಲಿಗಿಟ್ಟ ಹಾಗಿತ್ತು. ಸುಡುಗಾಡಿಗೆ ಹಿತ್ತಲ ದಾರಿಯೂ ಇತ್ತು, ಗುರುತಿಲ್ಲದವರನ್ನು ಅಲ್ಲಿಂದ ಒಯ್ಯುವುದು ರೂಢಿ. ಅಪ್ಪ ಪೇಟೆಬೀದಿಗೆ ತಿರುಗಿದ. "ದಿನಾ ನಡದಾಡಿದ ದಾರಿ ಅಂವಂದು" ಅಂದ. ಹತ್ತು ಹೆಜ್ಜೆ ಹಾಕುವುದರೊಳಗೆ ಯಮನಪ್ಪಣ್ಣನ ಕಾಲು ಮಡಿಚಿತು. ಹೇಗೋ ಸಾವರಿಸಿದ. ಸುಡುಗಾಡು ಇನ್ನೂ ಅರ್ಧ ಹರದಾರಿ. ಬೀದಿಯ ನಡುವೆ ಇಳಿಸಿಬಿಟ್ಟರೆ ಮತ್ತೆ ಎತ್ತುವ ಶಕ್ತಿ ನಮಗಿಲ್ಲ, ಹೊತ್ತು ಬೇರೆ ಇಳಿಯುತ್ತಿತ್ತು. ಹಿಂದೆ ಸುಣ್ಣದ ಚೀಲ ಹೊತ್ತವರು ತಾಳ್ಮೆಯಿಂದ ಬರುತ್ತಿದ್ದರು.

ಆಗ ಶರಭಣ್ಣ ಸಾಹುಕಾರ ಅಂಗಡಿಯಿಂದ ಹೊರಗೆ ಬಂದ. ಮುಖ ಕೆಂಡವಾಗಿತ್ತು. ಅಕ್ಕನ ಮಾತಿಗೆ ಹೆಣ ಎದ್ದದ್ದನ್ನು ಇಡೀ ಊರು ನೋಡಿಯಾಗಿತ್ತು. "ಮೈಲಿಗಿ! ಒಂಬತ್ತು ವರ್ಷ ಮೈಲಿಗಿ!" ಎಂದು ತನ್ನ ಮಡಕೆಯನ್ನು ಎರಡೂ ಕೈಯಿಂದ ಎತ್ತಿ ನಮ್ಮ ಕಾಲ ಮುಂದೆ ಅಪ್ಪಳಿಸಿದ. ಮಡಕೆ ಚೂರಾಯಿತು.

ನನ್ನ ಹೆಗಲು ಹಗುರಾಯಿತು.

ಭ್ರಮೆ ಅಂದುಕೊಂಡು ಅಪ್ಪನ ಕಡೆ ನೋಡಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಬೆಲ್ಲದಂಗಡಿಯ ಈರಣ್ಣ, ತಾನು ಹಿಂದೆ ಬಿದ್ದರೆ ಮಡಿಗೆ ಕುಂದು ಎಂಬಂತೆ, ತನ್ನದನ್ನೂ ತಂದು ಒಡೆದ. ಮತ್ತೂ ಹಗುರಾಯಿತು. ಬಾಯಿಂದ ಬಾರದ ಮಾತು ಕೈಯಿಂದ ಬರುತ್ತಿತ್ತು. ಅವನ ನೀರು ಕುಡಿಯದವನಿಗೆ ಮಡಕೆ ಒಡೆಯುವ ಕೆಲಸವೇನಿದೆ? "ಸಾವಕಾಶ ನಡೀರಿ" ಎಂದು ಅಪ್ಪ ಮೆಲ್ಲಗೆ ಅಂದ. "ಎಲ್ಲಾರೂ ಒಡೀಲಿ." ನಾವು ಮದುವೆಯ ಮೆರವಣಿಗೆಯ ಹಾಗೆ ಪ್ರತಿ ಅಂಗಡಿಯ ಮುಂದೆ ನಿಂತು ನಿಂತು ನಡೆದೆವು. ನಿಂತಲ್ಲೆಲ್ಲ ಒಬ್ಬ ಬಯ್ಯುತ್ತ ಹೊರಗೆ ಬಂದು ಮಡಕೆ ಅಪ್ಪಳಿಸುತ್ತಿದ್ದ. "ಕೊಟ್ರಪ್ಪಾರ, ನಿಮ್ಮದು ಉಳೀತು!" ಎಂದು ಗಾಳೆಪ್ಪ ಕಾಕಾ ನೆನಪು ಮಾಡುತ್ತಿದ್ದ. ಬಳೆ ಅಂಗಡಿಯ ಮಾಬವ್ವ ಮಾತ್ರ ಒಡೆಯಲಿಲ್ಲ. ಬಾಗಿಲಿಗೆ ಬಂದು ನಿಂತು, "ಕುಡದೀನಪಾ, ರುಚಿ ಇತ್ತು, ನನಗ್ಯಾವ ಕುಲದ ಚಿಂತಿ" ಎಂದು ಬಾಯಿಂದಲೇ ಹಾಕಿದಳು. ಬೀದಿಯ ಕೊನೆ ಮುಟ್ಟಿದಾಗ ನಾನು ಚಟ್ಟದ ಗಳವನ್ನು ಒಂದು ಬೆರಳಿನಿಂದ ಹಿಡಿದಿದ್ದೆ. ಸುಣ್ಣದ ಚೀಲದವರು ಎಲ್ಲಿ ಹಿಂದುಳಿದರೋ ಗೊತ್ತಾಗಲಿಲ್ಲ.

ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. ತೋಡಿದ ಕುಣಿಯೊಳಗೆ ಅಪ್ಪ ಒಬ್ಬನೇ ಇಳಿದು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗಿಡುವ ಹಾಗೆ ಎರಡು ಕೈಯಿಂದ ಅವನನ್ನು ಮಲಗಿಸಿದ. ಹೆಸರು ತಿಳಿಯದ್ದರಿಂದ ಕರೆಯುವುದಕ್ಕೆ ಏನೂ ಇರಲಿಲ್ಲ. ಮಣ್ಣು ಹಾಕುವ ಮೊದಲು ಮಗನಾದವನು ನೀರು ತುಂಬಿದ ಮಡಕೆ ಹೊತ್ತು ಮೂರು ಸುತ್ತು ಬಂದು ಒಡೆಯಬೇಕು. ಯಮನಪ್ಪಣ್ಣ ಸುತ್ತಲೂ ನೋಡಿ, "ಬಾಳಣ್ಣಾ, ಮಡಕಿ ಒಡಿಯಾಕ ಇಂವಗ ಮಗ ಎಲ್ಲದಾನೋ?" ಎಂದು ಕೇಳಿದ.

ಅಪ್ಪ ಕುಣಿಯಿಂದ ಮೇಲೆ ಬಂದು, ಬೆವರು ಒರೆಸಿಕೊಂಡು, ಪೇಟೆಬೀದಿಯ ಕಡೆ ತಿರುಗಿ ನಿಂತ. ಮೊದಲು ಅವನ ಹೊಟ್ಟೆ ಅಲುಗಿತು, ಆಮೇಲೆ ಹೆಗಲು. ಸುಡುಗಾಡಿನಲ್ಲಿ ನಮ್ಮಪ್ಪ ನಕ್ಕದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

"ಮೂವತ್ತೊಂದು ಮಂದಿ ಒಡದಾರಲ್ಲೋ, ಇನ್ನೆಷ್ಟು ಮಕ್ಕಳು ಬೇಕು? ಮಣ್ಣು ಹಾಕ್ರಿ."